ಗಿರಿ ನೋಡೋಕೆ ಬಂದೋರ್ನ ಕಾರಲ್ಲೇ ಕೂರಿಸ್ಬೇಡಿ, ಚಿಕ್ಕಮಗಳೂರಿಂದ ಒಂದು ಬಹಿರಂಗ ಪತ್ರ

ಪ್ರವಾಸೋದ್ಯಮ, ಅರಣ್ಯ, ರಸ್ತೆ, ಪೊಲೀಸು ಅಂತ ನಮ್ಮ ಗಿರಿ, ಅಂದ್ರೆ ಮುಳ್ಳಯ್ಯನಗಿರಿ ಬಾಬಾಬುಡನ್‌ಗಿರಿ ಸಾಲಿನ ವಿಷಯದಲ್ಲಿ ತೀರ್ಮಾನ ತಗೊಳ್ಳೋ ಎಲ್ಲ ಅಧಿಕಾರಿಗಳಿಗೂ, ಶನಿವಾರ ರಾತ್ರಿ ಮನೆ ಬಿಟ್ಟು ಭಾನುವಾರ ಬೆಳಕು ಹರಿಯೋ ಹೊತ್ತಿಗೆ ನಮ್ಮೂರಿಗೆ ಬರೋ ಎಲ್ಲ ಅಣ್ಣ ಅಕ್ಕಂದಿರಿಗೂ ನಮಸ್ಕಾರ.

ನಾನು ಗಿರಿ ಹತ್ತೋ ರಸ್ತೆ ಬುಡದಲ್ಲಿರೋ ಕೈಮರದ ಹತ್ರದ ಒಂದು ಹಳ್ಳಿಯವಳು. ಮೂರು ಎಕರೆ ಕಾಫಿ ತೋಟ, ಮನೆ ಪಕ್ಕ ಎರಡು ರೂಮಿನ ಹೋಂಸ್ಟೇ, ನಮ್ಮೆಜಮಾನ್ರು ಸೀಸನ್ನಲ್ಲಿ ಜೀಪ್ ಓಡಿಸ್ತಾರೆ. ಅಂದ್ರೆ ನಮ್ಮನೆ ಅನ್ನದಲ್ಲಿ ಅರ್ಧ ಪ್ರವಾಸಿಗರಿಂದಾನೇ ಬರೋದು, ಹಂಗಾಗಿ ಯಾರೂ ಬರಬೇಡಿ ಗಿರಿ ಮುಚ್ಚಿಬಿಡಿ ಅನ್ನೋರ ಪೈಕಿ ನಾನಲ್ಲ. ಬರ್ಲಿ, ಬರಬೇಕು. ಆದ್ರೆ ಬಂದೋರು ಏನು ನೋಡ್ಕೊಂಡು ಹೋಗ್ತಿದ್ದಾರೆ ಅನ್ನೋದನ್ನ ಹತ್ತು ಹನ್ನೆರಡು ವರ್ಷದಿಂದ ನಮ್ಮ ಗೇಟಲ್ಲಿ ನಿಂತು ನೋಡ್ತಾ ಬಂದಿದೀನಿ, ಅದನ್ನ ನಿಮ್ಗೆ ಹೇಳಲೇಬೇಕು ಅನ್ನಿಸ್ತು.

ಗಿರಿಗೆ ಬರೋ ಗಾಡಿಗಳಿಗೆ ಆನ್‌ಲೈನ್ ಬುಕಿಂಗ್ ಎಲ್ಲ ಬರೋಕೆ ಮುಂಚೆ ಒಂದು ದಸರಾ ರಜೆ. ಮಧ್ಯಾಹ್ನ ಎರಡು ಗಂಟೆ ಇರ್ಬೇಕು, ಮಂಜು ಕವ್ಕೊಂಡು ಹತ್ತು ಅಡಿ ದೂರದ ಸಿಲ್ವರ್ ಮರ ಕಾಣ್ತಿರ್ಲಿಲ್ಲ. ರಸ್ತೇಲಿ ಕಾರುಗಳು ಒಂದರ ಹಿಂದೆ ಒಂದು ನಿಂತಿದ್ವು, ಇಂಜಿನ್ ಆಫ್ ಮಾಡಿದ್ರು, ಮಕ್ಕಳು ಕಿಟಕಿಯಿಂದ ಕಾಲು ಆಚೆ ಹಾಕ್ಕೊಂಡು ಚಿಪ್ಸ್ ತಿಂತಿದ್ವು. ಎಪ್ಪತ್ತು ದಾಟಿದ ಒಬ್ರು ಅಜ್ಜಿ, ಸೀರೆ ಸೆರಗು ತಲೆ ಮೇಲೆ ಹೊದ್ಕೊಂಡು, ಮೊಮ್ಮಗಳ ಕೈ ಹಿಡ್ಕೊಂಡು ನಮ್ಮ ಗೇಟ್ ಹತ್ರ ಬಂದು ನಿಂತ್ರು. ಏನೂ ಕೇಳಲಿಲ್ಲ ಪಾಪ, ಸುಮ್ನೆ ನಿಂತಿದ್ರು. ನಾನೇ ಏನಜ್ಜಿ ಬೇಕಿತ್ತು ಅಂದೆ. "ಒಂದಕ್ಕೆ ಹೋಗ್ಬೇಕಿತ್ತು ಕಣವ್ವ, ಬೆಳಿಗ್ಗೆ ಕಡೂರ್ ತಾವ ಹೋಗಿದ್ದು" ಅಂದ್ರು. ಕಡೂರಿಂದ ಇಲ್ಲಿಗೆ ಐವತ್ತು ಕಿಲೋಮೀಟರ್ ಚಿಲ್ರೆ ಅಷ್ಟೇ, ಆದ್ರೆ ಅವರು ಆ ಕಾರಲ್ಲಿ ಕೂತು ಆರು ಗಂಟೆ ಆಗಿತ್ತು. ಒಳಗೆ ಕರ್ಕೊಂಡೋದೆ. ಆಚೆ ಬಂದು ಜಗಲಿ ಮೇಲೆ ಕೂತ್ರು, ಕಾಫಿ ಕೊಟ್ಟೆ, ಕುಡೀದೆ ಲೋಟ ಕೈಯಲ್ಲೇ ಹಿಡ್ಕೊಂಡು ಕೂತ್ರು, ಮತ್ತೆ ಕುಡಿದ್ರೆ ಮತ್ತೆ ಹೋಗ್ಬೇಕಾಗುತ್ತೆ ಅನ್ನೋ ಭಯ ಅಂತ ಆಮೇಲೆ ನಂಗೆ ಗೊತ್ತಾಯ್ತು. ಅವರು ನಾಗಮಂಗಲ ಕಡೆಯವರು, ಮನೆದೇವ್ರು ಹೆಸರು ಹೇಳ್ಕೊಂಡು ಮುಳ್ಳಯ್ಯನಗಿರಿ ತುದೀಲಿರೋ ಮುಳ್ಳಪ್ಪಸ್ವಾಮಿ ಗದ್ದುಗೆಗೆ ಕೈ ಮುಗೀಬೇಕು ಅಂತ ಬಂದಿದ್ರು. ಆ ದಿನ ಅವರು ಮೇಲೆ ತಲುಪ್ಲೇ ಇಲ್ಲ, ನಾಲ್ಕು ಗಂಟೆಗೆ ಮಗ ಬಂದು ವಾಪಸ್ ಹೋಗೋಣ ನಡಿ ಅಂದ.

ಅವತ್ತು ಅದೇ ರಸ್ತೇಲಿ ಅಂಥ ಹೆಂಗಸ್ರು ಎಷ್ಟು ಜನ ಇದ್ರೋ. ಗಂಡಸರು ತೋಟದ ಬೇಲಿ ಪಕ್ಕ ನಿಂತ್ಕೋತಾರೆ, ಹೆಂಗಸ್ರು ಬೇಲಿ ದಾಟಿ ಕಾಫಿ ಗಿಡದ ಮಧ್ಯ ಹೋಗ್ತಾರೆ, ತೋಟದೋರು ಬಯ್ತಾರೆ, ರಕ್ತ ಹೀರೋ ಇಂಬಳ ಬೇರೆ. ಪ್ರವಾಸ ಅಂದ್ರೆ ಇದಾ?

ಈಗ ನೀವು 2025ರ ಸೆಪ್ಟೆಂಬರ್‌ನಿಂದ ಆನ್‌ಲೈನಲ್ಲಿ ಬುಕ್ ಮಾಡ್ಕೊಂಡೇ ಬರಬೇಕು ಅಂತ ಮಾಡಿದ್ದೀರ, ಬೆಳಿಗ್ಗೆ ಒಂದು ಸ್ಲಾಟು ಮಧ್ಯಾಹ್ನ ಒಂದು ಸ್ಲಾಟು, ಒಂದೊಂದಕ್ಕೆ 600 ಗಾಡಿ ಅಂತ. ಒಳ್ಳೇದಾಯ್ತು, ಮನಸ್ಸಿಂದ ಹೇಳ್ತಿದೀನಿ. ಮಾಡಬೇಕಾದ ಕೆಲಸ ಅದು. ಆದ್ರೆ ನೀವು ಎಣಿಸ್ತಿರೋದು ಗಾಡಿ. ಎರಡು ಸ್ಲಾಟು ಸೇರಿ 1200 ಗಾಡಿ, ಗಾಡಿಗೆ ನಾಲ್ಕು ಜನ ಅಂದ್ರೂ ಐದು ಸಾವಿರದ ಹತ್ರ ಜನ. ಅಷ್ಟೂ ಜನ ಆ ಸಣ್ಣ ರಸ್ತೇಲಿ ಕಾರಲ್ಲೇ ಹೋಗಿ ಕಾರಲ್ಲೇ ಬರ್ತಾರೆ. ಗಾಡಿ ಕಡಿಮೆ ಆದ್ರೆ ಟ್ರಾಫಿಕ್ ಕಡಿಮೆ ಆಗುತ್ತೆ ನಿಜ, ಬೆಟ್ಟ ನೋಡಿದ ಹಂಗೆ ಆಗುತ್ತಾ? ನಾನು ಕೇಳ್ತಿರೋದು ಒಂದೇ, ಗಾಡಿ ಕೈಮರದಲ್ಲೋ ಊರಲ್ಲೋ ಕೆಳಗೇ ನಿಲ್ಲಿಸಿ, ಜನರನ್ನ ಮೇಲೆ ನಡೆಸಿ. ನಡೆಯೋಕಾಗ್ದೇ ಇರೋರಿಗೆ ಬಸ್ಸು ಜೀಪು ಕೊಡಿ.

ಯಾಕೆ ಹೇಳ್ತೀನಿ ಅಂದ್ರೆ, ಬರೋರ ಪ್ಲಾನ್ ಹೆಂಗಿರುತ್ತೆ ಗೊತ್ತಾ, ನಮ್ಮ ಹೋಂಸ್ಟೇಗೆ ಫೋನ್ ಮಾಡಿದಾಗ್ಲೇ ಓದಿ ಹೇಳ್ತಾರೆ. ಬೆಳಿಗ್ಗೆ ಮುಳ್ಳಯ್ಯನಗಿರಿ, ಹಂಗೇ ಸೀತಾಳಯ್ಯನಗಿರಿ, ಆಮೇಲೆ ಬಾಬಾಬುಡನ್‌ಗಿರಿ, ಮಾಣಿಕ್ಯಧಾರ, ಗಾಳಿಕೆರೆ, ಝರಿ ಫಾಲ್ಸು, ಟೈಮ್ ಸಿಕ್ರೆ ಕೆಮ್ಮಣ್ಣುಗುಂಡಿ, ಹೆಬ್ಬೆ. ಒಂದೇ ದಿನ! ಎಲ್ಲದಕ್ಕೂ ಪಾಯಿಂಟ್ ಅಂತ ಹೆಸರು. ಈ ಪಾಯಿಂಟ್ ಆಯ್ತಾ, ಮುಂದಿನ ಪಾಯಿಂಟ್. ಹೆಬ್ಬೆ ಒಂದಕ್ಕೇ ಅರ್ಧ ದಿನ ಬೇಕು ಮಾರಾಯ್ರೆ, ಕಾಡು ದಾರೀಲಿ ಜೀಪಲ್ಲಿ ಹೋಗಿ ಮತ್ತೆ ನಡೆದು ಇಳೀಬೇಕು. ಆ ಲಿಸ್ಟ್ ಓದ್ತಿದ್ರೆ ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ಅಷ್ಟು ದೂರದಿಂದ ನಿದ್ದೆ ಕೆಟ್ಟು ಬರ್ತಾರೆ, ದುಡ್ಡು ಖರ್ಚು ಮಾಡ್ತಾರೆ, ಕೊನೆಗೆ ಅವರ ಮೊಬೈಲಲ್ಲಿ ಇರೋದು ಮಂಜಿನ ಮುಂದೆ ನಿಂತ ಎಂಟು ಫೋಟೋ.

ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ ಅಂತ ಶಾಲೆ ಮಕ್ಕಳಿಗೂ ಗೊತ್ತು. ಆದ್ರೆ ಗಾಡೀಲಿ ಬಂದು ನಾನ್ನೂರು ಚಿಲ್ರೆ ಮೆಟ್ಟಿಲು ಹತ್ತಿ ಇಳಿದೋರಿಗೆ ಆ ಎತ್ತರ ಅಂದ್ರೆ ಏನು ಅಂತ ಮೈಗೆ ಗೊತ್ತಾಗಲ್ಲ. ಸರ್ಪದಾರೀಲಿ ಹತ್ತಿದೋರಿಗೆ ಗೊತ್ತಾಗುತ್ತೆ. ಮೂರು ನಾಲ್ಕು ಕಿಲೋಮೀಟರ್ ದಾರಿ, ಹುಲ್ಲಿನ ಮೈಮೇಲೆ ಹಾವು ಹರಿದ ಹಂಗೇ ಹೋಗುತ್ತೆ, ಅದಕ್ಕೇ ಆ ಹೆಸರು. ಆರಾಮಾಗಿ ಹತ್ತಿದ್ರೆ ಎರಡು ಎರಡೂವರೆ ಗಂಟೆ. ಮೊದಲು ಮೊಣಕಾಲು ನೋಯುತ್ತೆ, ಆಮೇಲೆ ಗಾಳಿ ಬರುತ್ತೆ, ಅರ್ಧ ದಾರೀಲಿ ಕೂತು ತಿರುಗಿ ನೋಡಿದ್ರೆ ಕೆಳಗೆ ಊರು, ಕೆರೆಗಳು, ಆಚೆ ಬಯಲುಸೀಮೆ ಹಂಗೇ ಹಾಸ್ಕೊಂಡು ಬಿದ್ದಿರುತ್ತೆ. ಬೆಟ್ಟದ ಮಡಿಕೆ ಇದ್ದಲ್ಲೆಲ್ಲ ಕಪ್ಪಗೆ ಒತ್ತೊತ್ತಾಗಿ ಕಾಡು, ಉಳಿದಿದ್ದೆಲ್ಲ ಹುಲ್ಲು. ಆ ಕಾಡನ್ನ ಶೋಲಾ ಅಂತಾರೆ. ಮಳೆಗಾಲದಲ್ಲಿ ಬಿದ್ದ ನೀರನ್ನ ಈ ಹುಲ್ಲು ಈ ಶೋಲಾ ಹಿಡಿದಿಟ್ಟು ಬೇಸಿಗೇಲೂ ಸಣ್ಣಗೆ ಬಿಡ್ತಾ ಇರುತ್ತೆ. ನಮ್ಮ ಮನೆ ಹಿಂದಿನ ಒರತೆ ಏಪ್ರಿಲ್‌ನಲ್ಲೂ ಬತ್ತಲ್ಲ ಅಂದ್ರೆ ಅದರಿಂದಾನೇ.

ನೀರು ಅಂದ್ಮೇಲೆ ಒಂದು ಮಾತು. ಈ ಗಿರಿ ನಮ್ಮ ಮಲೆನಾಡೋರದ್ದು ಮಾತ್ರ ಅಲ್ಲ. ಇಲ್ಲಿ ಹುಟ್ಟೋ ಯಗಚಿ ಬೇಲೂರಿಗೆ ಹೋಗುತ್ತೆ. ಇಲ್ಲೇ ಹುಟ್ಟೋ ವೇದಾ, ಅವತಿ ಎರಡೂ ಹಳ್ಳ ಅಯ್ಯನಕೆರೆ ಮದಗದಕೆರೆ ತುಂಬಿಸ್ಕೊಂಡು, ಮುಂದೆ ಸೇರಿ ವೇದಾವತಿ ಆಗಿ ಕಡೂರು ಹೊಸದುರ್ಗ ದಾಟಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತೆ. ಆ ಡ್ಯಾಮು 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ, ಚಿತ್ರದುರ್ಗದ ಕಡೆ ಜನ ಬಾಗಿನ ಕೊಡೋಕೆ ಸಾಲುಗಟ್ಟಿ ಬಂದಿದ್ರು ನೆನಪಿದೆಯಲ್ಲ. ಭದ್ರಾ ನೀರೂ ಅಲ್ಲಿಗೆ ಸೇರುತ್ತೆ ಈಗ, ಆದ್ರೂ ಮೂಲದ ಹಳ್ಳ ಹುಟ್ಟೋದು ಈ ಹುಲ್ಲಿನ ಬುಡದಲ್ಲೇ.

ಆ ಹುಲ್ಲಿನ ಮೇಲೆ ಒಂದು ಟೈರ್ ಗುರುತು ನೋಡಿದ್ದೀರಾ ಸಾರ್, ಕೂತು ಹತ್ರದಿಂದ? ನಾನು ನೋಡಿದೀನಿ. ಎರಡು ಮಳೆಗಾಲದ ಹಿಂದೆ ಯಾರೋ ಒಬ್ರು ಫೋಟೋಗೆ ಅಂತ ಗಾಡೀನ ರಸ್ತೆಯಿಂದ ಹುಲ್ಲಿಗೆ ಇಳಿಸಿದ್ರು, ಒದ್ದೆ ನೆಲ, ಟೈರು ಅಲ್ಲೇ ಗಿರ್ರಂತ ತಿರುಗಿ ಹುಲ್ಲು ಬೇರು ಸಮೇತ ಕಿತ್ಕೊಂಡು ಬಂತು. ಬೆರಳುದ್ದ ಆಳ ಇತ್ತು ಅವತ್ತು. ಜುಲೈ ಮಳೆ ಆ ಎರಡು ಗೆರೇನೇ ಕಾಲುವೆ ಮಾಡ್ಕೊಂಡು ಹರಿದು, ಮಳೆಗಾಲ ಮುಗಿಯೋ ಹೊತ್ತಿಗೆ ಮೊಣಕೈ ಆಳ ಆಗಿತ್ತು, ಕೆಂಪು ಮಣ್ಣು ಗಾಯದ ಹಂಗೆ ಕಾಣ್ತಿತ್ತು. ಹೋದ ವರ್ಷ ಹೋಗಿ ನೋಡ್ದೆ, ಅಕ್ಕಪಕ್ಕದ ಹುಲ್ಲಿನ ಹೆಂಟೆ ಒಂದೊಂದೇ ಒಳಗೆ ಜಾರಿ ಬೀಳ್ತಿವೆ, ನಾನು ಕಾಲಿಟ್ಟ ಜಾಗಾನೂ ಕುಸೀತು. ಒಂದು ಗಾಡಿ, ಹತ್ತು ನಿಮಿಷ. ಮನುಷ್ಯ ನಡೆದ ಕಾಲುದಾರೀನೂ ಸವೆಯುತ್ತೆ, ಇಲ್ಲ ಅನ್ನಲ್ಲ, ಆದ್ರೆ ಒಂದೇ ದಾರೀಲಿ ನಡೆಸಿದ್ರೆ ಅಲ್ಲಲ್ಲಿ ಕಲ್ಲು ಕೂರಿಸಿ ಆ ದಾರಿ ಕಾಪಾಡ್ಕೋಬಹುದು. 2022ರಲ್ಲಿ ಕುರಿಂಜಿ ಹೂ ಬಿಟ್ಟು ಗಿರಿ ಪೂರ್ತಿ ನೀಲಿ ಆಗಿತ್ತಲ್ಲ, ಆಗ ಹಿಂಗೆ ದಾರಿ ಹೇಳೋರು ಇರ್ಬೇಕಿತ್ತು. ಹೂವಿನ ಮಧ್ಯೆ ಮಲ್ಕೊಂಡು ಫೋಟೋ, ಗೊಂಚಲು ಗೊಂಚಲೇ ಕಿತ್ತು ಕಾರಿನ ಡ್ಯಾಶ್‌ಬೋರ್ಡ್ ಮೇಲೆ. ಬೇಡ ಕಣಪ್ಪ, ಬೀಜ ಆಗೋಕೆ ಬಿಡಿ, ಮತ್ತೆ ಹೂ ನೋಡ್ಬೇಕು ಅಂದ್ರೆ ವರ್ಷಗಟ್ಟಲೆ ಕಾಯ್ಬೇಕು ಅಂತ ಹೇಳಿದ್ರೆ ಅರ್ಧ ಜನ ಕೇಳ್ತಿದ್ರು. ಹೇಳೋರೇ ಇಲ್ದೆ ಹೋದ್ರೆ ಅವರಿಗಾದ್ರೂ ಹೆಂಗೆ ಗೊತ್ತಾಗ್ಬೇಕು? ನಾನು ಬಂದೋರ್ನ ಬಯ್ಯಲ್ಲ.

ನಡೆಸೋದು ಆಗದ ಮಾತು, ಜನ ಬರಲ್ಲ ಅಂತ ನಮ್ಮೋರೇ ಕೆಲವರು ಹೇಳ್ತಾರೆ. ಅವರಿಗೆ ನಾನು ದೇವೀರಮ್ಮನ ಬೆಟ್ಟ ತೋರಿಸ್ತೀನಿ. ನರಕ ಚತುರ್ದಶಿಗೆ ಬಂದು ನೋಡಿ, ರಾತ್ರಿಯಿಂದಾನೇ ಸಾವಿರಾರು ಜನ ಬರಿಗಾಲಲ್ಲಿ ಹತ್ತುತಾರೆ, ರಸ್ತೆ ಇಲ್ಲ, ಮೆಟ್ಟಿಲಿಲ್ಲ, ಮಳೆ ಬಂದಿದ್ರೆ ಕೆಸರು, ಮುಂದಿನೋರ ಸೊಂಟ ಹಿಡ್ಕೊಂಡು ಹಿಂದಿನೋರು. ನಮ್ಮಜ್ಜಿ ಅರವತ್ತೆಂಟನೇ ವಯಸ್ಸಲ್ಲಿ ಹತ್ತಿದ್ರು, ಹರಕೆ ತುಪ್ಪದ ಡಬ್ಬಿ ನನ್ನ ಕೈಲಿ ಕೊಟ್ಟು "ಕೆಳಗೆ ನೋಡ್ಬೇಡ, ಮುಂದಿನ ಕಾಲು ನೋಡು" ಅಂತಿದ್ರು. ಬೆಳಗಿನ ಜಾವ ಮೇಲೆ ತಲುಪಿದಾಗ ಕೈ ಮರಗಟ್ಟಿ ಹೋಗಿತ್ತು, ಅಜ್ಜಿ ನನ್ನ ಕೈ ತಮ್ಮ ಕಂಕುಳಲ್ಲಿ ಇಟ್ಕೊಂಡು ಬಿಸಿ ಮಾಡಿದ್ರು. ನಮ್ಮ ಜನಕ್ಕೆ ಬೆಟ್ಟ ನಡೆಯೋದು ಹೊಸ ವಿಷಯ ಅಲ್ಲ, ಗಾಡೀಲಿ ಹೋಗೋದು ಹೊಸದು.

ಕುದುರೆಮುಖ ನೋಡಿ. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರೋದು ಇಪ್ಪತ್ತು ಕಿಲೋಮೀಟರ್ ಹತ್ರ, ಇಡೀ ದಿನದ ನಡಿಗೆ. ಅಲ್ಲಿ ತಲೆ ಲೆಕ್ಕ, ಮುಂಚೆ ಬುಕಿಂಗು, ಜೊತೆಗೆ ಊರಿನ ಗೈಡು. ಜನ ಬರ್ತಿಲ್ವಾ? ಶನಿವಾರ ಭಾನುವಾರದ ಟಿಕೆಟ್ ಸಿಗೋದೇ ಕಷ್ಟ! ಆ ಕಡೆ ಕುಮಾರಪರ್ವತದಲ್ಲಿ 2024ರ ಜನವರಿ ಕೊನೇಲಿ ರಜೆ ಸೇರಿ ಬಂದಾಗ ಬೆಟ್ಟದ ಮೇಲೆ ಸಂತೆ ಆದ ಹಂಗಿತ್ತು, ಆ ವಿಡಿಯೋ ಎಲ್ಲರೂ ನೋಡಿದ್ರು, ಆಮೇಲೆ ಅಲ್ಲೂ ಆನ್‌ಲೈನ್ ಬುಕಿಂಗ್ ಬಂತು. ಅಂದ್ರೆ ಸರ್ಕಾರಕ್ಕೆ ಇದು ಮಾಡೋಕೆ ಬರುತ್ತೆ, ಮಾಡಿ ತೋರಿಸಿದೆ. ನಮ್ಮ ಗಿರೀಲಿ ಮಾತ್ರ ರಸ್ತೆ ಇದೆ ಅನ್ನೋ ಒಂದೇ ಕಾರಣಕ್ಕೆ ಎಲ್ಲ ಲೆಕ್ಕ ಗಾಡಿ ಮೇಲೆ ನಿಂತಿದೆ.

ಹಂಗಾಗಿ ಹಿಂಗೆ ಮಾಡಿ ನೋಡಿ ಅಂತ ಕೇಳ್ಕೋತೀನಿ. ಮೊದಲು ಶನಿವಾರ ಭಾನುವಾರಕ್ಕೆ ಮತ್ತೆ ದೊಡ್ಡ ರಜೆಗಳಿಗೆ ಸಾಕು. ಸ್ವಂತ ಗಾಡಿ ಎಲ್ಲ ಕೆಳಗೆ ನಿಲ್ಲಿಸಿ. ಅಲ್ಲಿಂದ ಅರ್ಧ ಗಂಟೆಗೊಂದು ಸಣ್ಣ ಬಸ್ಸು, ದೊಡ್ಡ ಬಸ್ಸು ಆ ತಿರುವಲ್ಲಿ ತಿರುಗಲ್ಲ. ಊರಿನ ಜೀಪಿನೋರನ್ನ ಬಿಡಬೇಡಿ ದಯವಿಟ್ಟು, ನಮ್ಮೆಜಮಾನ್ರೂ ಅವರಲ್ಲಿ ಒಬ್ರು ಅಂತ ಹೇಳ್ತಿಲ್ಲ, ಪಾಳಿ ಹಾಕಿ, ರೇಟ್ ಬೋರ್ಡ್ ಮೇಲೆ ಬರೆದು ಹಾಕಿ, ಆಗ ಜಗಳಾನೂ ಇಲ್ಲ, ಬಂದೋರಿಗೆ ಮೋಸ ಹೋದ್ವಿ ಅನ್ನೋ ಬೇಜಾರೂ ಇಲ್ಲ. ನಡೆಯೋರಿಗೆ ಸರ್ಪದಾರಿ. ಹತ್ತುವಾಗ ನಡೆದು ಇಳಿಯುವಾಗ ಬಸ್ಸು ಅಂದ್ರೂ ಆಯ್ತು, ಮಂಡಿ ನೋವಿನೋರಿಗೆ ಇಳಿಯೋದೇ ಕಷ್ಟ. ಇಪ್ಪತ್ತು ಜನಕ್ಕೆ ಒಬ್ಬ ಗೈಡು. ಗೈಡ್ ಅಂದ್ರೆ ಬೆಂಗಳೂರಿಂದ ಟೀ ಶರ್ಟ್ ಹಾಕ್ಕೊಂಡು ಬರೋರಲ್ಲ, ನಮ್ಮ ಹಳ್ಳಿಗಳ ಹುಡುಗ ಹುಡುಗೀರು. ಯಾವ ಹಳ್ಳದ ನೀರು ಕುಡೀಬಹುದು, ಎಲ್ಲಿ ಬಂಡೆ ಪಾಚಿ ಕಟ್ಟಿರುತ್ತೆ, ಮಂಜು ಬಂದಾಗ ಯಾವ ಕಡೆ ಇಳೀಬಾರದು, ಬೆಳಕು ಹರಿಯೋ ಹೊತ್ತಿಗೆ ಚಿಕ್ಕ ಹುಡುಗ ಸಿಳ್ಳೆ ಹಾಕಿದ ಹಂಗೆ ಕೂಗೋ ಆ ನೀಲಿ ಹಕ್ಕಿ ಎಲ್ಲಿ ಕೂತಿರುತ್ತೆ ಅಂತ ಅವರಿಗೆ ಯಾರೂ ಹೇಳ್ಕೊಡಬೇಕಿಲ್ಲ. ಪ್ರಥಮ ಚಿಕಿತ್ಸೆ, ನಾಲ್ಕು ಜನದ ಮುಂದೆ ಮಾತಾಡೋದು, ಇದಕ್ಕೆ ಒಂದು ತಿಂಗಳು ತರಬೇತಿ ಕೊಟ್ರೆ ಸಾಕು. ಪಿಯುಸಿ ಮುಗಿಸಿ ಬೆಂಗಳೂರಲ್ಲಿ ಡೆಲಿವರಿ ಬ್ಯಾಗ್ ಹೊತ್ಕೊಂಡು ಓಡಾಡ್ತಿರೋ ನಮ್ಮ ಊರಿನ ಮಕ್ಕಳು ಎಷ್ಟು ಜನ ಇದ್ದಾರೆ, ಅದರಲ್ಲಿ ಹತ್ತು ಜನ ವಾಪಸ್ ಬಂದ್ರೂ ಅವರ ಅಪ್ಪ ಅಮ್ಮ ನಿಮ್ಮ ಹೆಸರು ಹೇಳ್ಕೊಂಡು ದೀಪ ಹಚ್ತಾರೆ.

ಮತ್ತೆ ಶೌಚಾಲಯ. ಕೆಳಗೆ ಗಾಡಿ ನಿಲ್ಲೋ ಜಾಗದಲ್ಲಿ, ಮೇಲೆ ಬಸ್ ಇಳಿಯೋ ಜಾಗದಲ್ಲಿ, ಹೆಂಗಸರಿಗೆ ಜಾಸ್ತಿ, ನೀರಿರೋದು, ಚಿಲಕ ಇರೋದು, ದಿನಾ ತೊಳೆಯೋಕೆ ಸಂಬಳ ಕೊಟ್ಟು ಒಬ್ರನ್ನ ಇಡೋದು. ಉದ್ಘಾಟನೆ ಮಾಡಿ ಬೀಗ ಹಾಕೋದು ಬೇಡ. ಬೇರೆ ಏನು ಮಾಡೋಕಾಗ್ಲಿಲ್ಲ ಅಂದ್ರೂ ಇದೊಂದು ಮಾಡಿ, ಆ ನಾಗಮಂಗಲದ ಅಜ್ಜಿ ಮುಖ ನಂಗೆ ಇನ್ನೂ ಮರೆಯೋಕಾಗಿಲ್ಲ.

ಇನ್ನೊಂದು ಸಣ್ಣ ಕೆಲಸ, ದುಡ್ಡೂ ಜಾಸ್ತಿ ಆಗಲ್ಲ. ಕೆಳಗೆ ಒಂದು ಬೋರ್ಡ್ ಇಡಿ, ಮೇಲಿರೋರಿಗೆ ಫೋನ್ ಮಾಡಿ ಕೇಳಿ ಗಂಟೆಗೊಂದು ಸಲ ಬರೀರಿ, ಈಗ ಮೇಲೆ ಮಂಜು, ಗಾಳಿ ಜೋರು, ಏನೂ ಕಾಣಲ್ಲ ಅಂತ. ಜೊತೆಗೆ ಹಂಗಾದ್ರೆ ಎಲ್ಲಿಗೆ ಹೋಗ್ಬಹುದು ಅಂತಾನೂ ಬರೀರಿ. ಇಲ್ಲಿಗೆ ಬಂದೋರಿಗೆ ಗಿರಿ ಬಿಟ್ರೆ ಬೇರೆ ಏನೂ ಇಲ್ಲ ಅನ್ನೋ ಹಂಗಾಗಿದೆ. ಊರಿಂದ ಹತ್ತು ಕಿಲೋಮೀಟರ್ ಹಿರೇಕೊಳಲೆ ಕೆರೆ ಇದೆ, ಸಂಜೆ ಏರಿ ಮೇಲೆ ಕೂತ್ರೆ ಇಡೀ ಗಿರಿಸಾಲು ನೀರಲ್ಲಿ ಕಾಣುತ್ತೆ. ಸಖರಾಯಪಟ್ಟಣದ ಹತ್ರ ಅಯ್ಯನಕೆರೆ, ಶಕುನಗಿರಿ ಬುಡದಲ್ಲಿ, ನಾನು ಮೇಲೆ ಹೇಳಿದ ನೀರೇ ಅಲ್ಲಿ ನಿಂತಿರೋದು. ಬೆಳವಾಡಿ ವೀರನಾರಾಯಣ, ತರೀಕೆರೆ ಕಡೆ 1196ರ ಅಮೃತಾಪುರದ ದೇವಸ್ಥಾನ, ಮಳೆ ಬಂದ್ರೂ ನೋಡ್ಬಹುದು, ಬೇಲೂರು ಹಳೇಬೀಡಿನ ಜನಜಂಗುಳಿ ಅಲ್ಲಿಲ್ಲ.

ಬೇಸಿಗೇಲಿ ಹುಲ್ಲು ಒಣಗಿ ಬೆಂಕಿ ಭಯಕ್ಕೆ ಚಾರಣ ಮುಚ್ಚಿದ್ರೆ ಯಾರೂ ಬೇಜಾರು ಮಾಡ್ಕೋಬೇಡಿ. 2018ರ ಮಾರ್ಚಲ್ಲಿ ತಮಿಳುನಾಡಿನ ತೇಣಿ ಹತ್ರ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದೋರು ಇಪ್ಪತ್ತಕ್ಕೂ ಹೆಚ್ಚು ಜನ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತೋದ್ರು. ಹುಲ್ಲಿನ ಬೆಂಕಿ ಗಾಳಿ ಜೊತೆ ಓಡುತ್ತೆ, ಮನುಷ್ಯ ಏರು ಹತ್ತಿ ಅದನ್ನ ಹಿಂದೆ ಹಾಕೋಕಾಗಲ್ಲ. ಆ ಟೈಮಲ್ಲಿ ತೋಟಕ್ಕೆ ಬನ್ನಿ. ಬೇಸಿಗೆಯ ಮೊದಲ ಮಳೆ, ನಾವು ಹೂಮಳೆ ಅಂತೀವಿ, ಅದು ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ, ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಹಂಗೆ ವಾಸನೆ, ಜೇನು ಗುಂಯ್ ಅಂತಿರುತ್ತೆ, ಮೂರು ದಿನ ಅಷ್ಟೇ. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಇದೇ ಗಿರೀಲಿ ನೆಟ್ರು ಅಂತ ನಮ್ಮ ಕಡೆ ಎಲ್ಲರೂ ಹೇಳೋ ಕತೆ, ಆ ಗಿಡದ ಹೂ ನೋಡದೇ ಕಾಫಿ ಪುಡಿ ಮಾತ್ರ ತಗೊಂಡು ಹೋಗ್ತೀರಲ್ಲ. ಆ ದಿನಗಳಲ್ಲಿ ನಮ್ಮಂಥ ಸಣ್ಣ ತೋಟದೋರು ಗಂಟೆ ಎರಡು ಗಂಟೆ ನಡೆಸೋಕೆ ರೆಡಿ ಇದೀವಿ, ಅದಕ್ಕೊಂದು ಸರಿಯಾದ ಪಟ್ಟಿ ಮಾಡಿ ಬುಕಿಂಗ್ ಜೊತೆ ಸೇರಿಸಿ.

ಬರೋ ಅಣ್ಣ ಅಕ್ಕಂದಿರಿಗೆ ಎರಡು ಮಾತು. ಒಂದು ದಿನಕ್ಕೆ ಒಂದು ಜಾಗ ಇಟ್ಕೊಳ್ಳಿ. ಮಳೆಗಾಲದಲ್ಲಿ ಫಾಲ್ಸ್ ಬಂಡೆ ಹತ್ತಲೇಬೇಡಿ, ಚಾರ್ಮಾಡಿ ರಸ್ತೆ ಪಕ್ಕದ ಬಂಡೆಗಳಂತೂ ಸೋಪು ಹಚ್ಚಿದ ಹಂಗಿರುತ್ತೆ. ಮೇಲೆ ಮಳೆ ಆಗ್ತಿದ್ರೆ ಕೆಳಗೆ ಬಿಸಿಲಿದ್ರೂ ಹಳ್ಳದ ನೀರು ಒಮ್ಮೆಲೇ ಏರುತ್ತೆ, ನೀರು ಕೆಂಪಗಾಯ್ತು ಅಂದ್ರೆ ಎದ್ದು ದಡಕ್ಕೆ ಬನ್ನಿ, ಬಟ್ಟೆ ಮೊಬೈಲ್ ಹುಡುಕ್ತಾ ನಿಲ್ಲಬೇಡಿ. ಇಂಬಳಕ್ಕೆ ಹೆದರ್ಬೇಡಿ, ಒಂದು ಬಟ್ಟೇಲಿ ಉಪ್ಪು ಹೊಗೆಸೊಪ್ಪು ಕಟ್ಕೊಂಡು ಕಾಲಿಗೆ ತಾಗಿಸಿದ್ರೆ ಉದುರುತ್ತೆ, ಕಿತ್ತು ಎಳೀಬೇಡಿ ಅಷ್ಟೇ, ಆಮೇಲೆ ತುರಿಕೆ ವಾರಗಟ್ಟಲೆ. ಹಾಡು ಜೋರಾಗಿ ಹಾಕ್ಬೇಡಿ. ಗದ್ದುಗೆ ಹತ್ರ ಗಾಳಿ ಶಬ್ದ ಕೇಳೋಕೆ ಅಂತಾನೇ ಬರೋರು ಇದ್ದಾರೆ.

ಅಧಿಕಾರಿಗಳೇ, ಪತ್ರ ಉದ್ದ ಆಯ್ತು. ಬರೋ ದೊಡ್ಡ ರಜೆಗೆ ಮುಂಚೆ ನೀವು ಯಾವುದಾದ್ರೂ ಒಂದು ಭಾನುವಾರ ಬನ್ನಿ, ಸರ್ಕಾರಿ ಗಾಡಿ ಕೈಮರದಲ್ಲೇ ನಿಲ್ಲಿಸಿ, ಸರ್ಪದಾರೀಲಿ ನಮ್ಮ ಜೊತೆ ಹತ್ತೋಣ. ಬೆಳಿಗ್ಗೆ ಆರಕ್ಕೆ ಹೊರಟ್ರೆ ಬಿಸಿಲು ಏರೋ ಮುಂಚೆ ಮೇಲಿರ್ತೀವಿ. ಕಡುಬು, ಕಾಯಿ ಚಟ್ನಿ ನಮ್ಮನೆಯಿಂದ ಕಟ್ಕೊಂಡು ಬರ್ತೀನಿ. ಆ ಟೈರ್ ಗುರುತು ಇರೋ ಜಾಗ ದಾರೀಲೇ ಸ್ವಲ್ಪ ಬಲಕ್ಕೆ ಸಿಗುತ್ತೆ, ತೋರಿಸ್ತೀನಿ.

ಇಂತಿ,
ಗಿರಿ ಬುಡದ ಒಂದು ಮನೆಯವಳು